ನಿಂತ ಗಾಡಿಯ ಯೋಗಕ್ಷೇಮ

ಬೇಸಗೆ ಬಂತೆಂದರೆ ಮುಂಬಯಿಯ ನಮ್ಮವರ ಮನಸ್ಸು ಊರಿನ ದಾರಿ ಹಿಡಿಯುತ್ತದೆ. ಮನೆಯಲ್ಲಿ ಮದುವೆ, ಗದ್ದೆಯಲ್ಲಿ ನಾಟಿ, ಹಿರಿಯರ ಕಾಯಿಲೆ, ಹೀಗೆ ಒಂದಲ್ಲ ಒಂದು ಕಾರಣದಿಂದ ಹದಿನೈದು ದಿನಗಳ ರಜೆಯು ಎರಡು ಮೂರು ತಿಂಗಳಿಗೆ ಬೆಳೆಯುವುದೂ ಉಂಟು. ಹೊರಡುವ ಗಡಿಬಿಡಿಯಲ್ಲಿ ಮಕ್ಕಳ ಬಟ್ಟೆ, ತಾಯಿಯ ಸೀರೆ, ರೈಲಿನ ಟಿಕೇಟು ಎಲ್ಲವೂ ನೆನಪಿಗೆ ಬರುತ್ತವೆ. ಚಾಳಿನ ಮೆಟ್ಟಿಲ ಪಕ್ಕದಲ್ಲಿ ನಿಂತ ಸ್ಕೂಟರಿನ ನೆನಪಾಗುವುದು ಕೋಣೆಗೆ ಬೀಗ ಹಾಕಿದ ಮೇಲೆ. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೀಲಿಕೈಯನ್ನು ಕಿಸೆಗೆ ಹಾಕಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು.

ಓಡದ ಗಾಡಿಗೆ ಸವೆತವಿಲ್ಲವೆಂಬ ಈ ನಂಬಿಕೆ ಸರಿಯಾದುದಲ್ಲ. ತಿಂಗಳೊಂದು ಬಾಗಿಲು ಮುಚ್ಚಿದ ಹೋಟೆಲಿನ ಅಡುಗೆಮನೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವೂ ಉರಿಯುವ ಒಲೆಗೆ ಹಿಡಿಯದ ತುಕ್ಕು ತಣ್ಣಗಾದ ಒಲೆಗೆ ಹಿಡಿಯುತ್ತದೆ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಹೋಟೆಲುಗಳು ಮುಚ್ಚಿದವು. ಬಳಿಕ ನಮ್ಮವರು ಸಿಕ್ಕಿದ ದಾರಿಯಿಂದ ಊರು ಸೇರಿದರು. ಗಾಡಿಗಳು ನಿಂತಲ್ಲೇ ನಿಂತವು. ತಿಂಗಳುಗಳ ತರುವಾಯ ಮರಳಿದವರಲ್ಲಿ ಅನೇಕರನ್ನು ಎದುರುಗೊಂಡುದು ಬರಿದಾದ ಬ್ಯಾಟರಿ, ಗಾಳಿಯಿಳಿದ ಟೈರು, ಇಲಿ ಕಡಿದ ವಯರು. ಸಂಬಳವೇ ಅನಿಶ್ಚಿತವಾಗಿದ್ದ ಆ ದಿನಗಳಲ್ಲಿ ದುರಸ್ತಿಯ ವೆಚ್ಚವು ಎಷ್ಟು ಭಾರವಾಗಿತ್ತೆಂಬುದನ್ನು ಅನುಭವಿಸಿದವರೇ ಬಲ್ಲರು. ಕಂತು ಕಟ್ಟಿ ಕೊಂಡ ಗಾಡಿಗೆ ಹೊರಡುವ ಮುನ್ನ ಒಂದೆರಡು ಗಂಟೆಗಳ ಆರೈಕೆ ದೊರೆತರೆ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

ನಿಲ್ಲಿಸುವ ಸ್ಥಳ

ಮೊದಲು ಲಕ್ಷ್ಯ ಕೊಡಬೇಕಾದುದು ಸ್ಥಳಕ್ಕೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿದ್ದುದನ್ನು ಮುಂಬಯಿಗರು ಮರೆಯಲಾರರು. ಮಳೆಗಾಲವು ನಡುವೆ ಬರುವುದಾದರೆ ನೀರು ನಿಲ್ಲದ, ಮೇಲೆ ಸೂರಿರುವ ಎತ್ತರದ ಜಾಗವನ್ನೇ ಆರಿಸಬೇಕು. ರಸ್ತೆಯ ಬದಿಯಲ್ಲಿ ತಿಂಗಳುಗಟ್ಟಲೆ ಧೂಳು ಹಿಡಿದು ನಿಂತ ಗಾಡಿಯನ್ನು ವಾರಸುದಾರರಿಲ್ಲದ್ದೆಂದು ನಗರಸಭೆಯವರು ಎತ್ತಿಕೊಂಡು ಹೋದರೆ ಬಿಡಿಸಿ ತರುವುದು ಸುಲಭದ ಮಾತಲ್ಲ. ಹೋಟೆಲಿನ ಹಿತ್ತಿಲಲ್ಲಿ ಜಾಗ ದೊರೆತರೂ ಅಕ್ಕಿ ಬೇಳೆಯ ಮೂಟೆಗಳಿಂದ ದೂರವಿರಲಿ. ಮೂಟೆಯಿದ್ದಲ್ಲಿ ಇಲಿಯಿದೆ, ಇಲಿಯಿದ್ದಲ್ಲಿ ವಯರಿಗೆ ಉಳಿವಿಲ್ಲ.

ಗಾಡಿಯನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಒಂದೇ ಜಾಗದಲ್ಲಿ ಭಾರ ಬಿದ್ದರೆ ಟೈರು ಚಪ್ಪಟೆಯಾಗುತ್ತದೆ. ಗಾಳಿಯನ್ನು ಕಂಪೆನಿಯವರು ಹೇಳಿದಷ್ಟು ತುಂಬಿಸಿ, ನೆಲಕ್ಕೆ ತಾಗುವ ಚಕ್ರದ ಅಡಿಯಲ್ಲಿ ಹಲಗೆಯ ತುಂಡೊಂದನ್ನು ಇಡುವುದು ಲೇಸು. ಮೋಟರ್ ಸೈಕಲ್ಲಾದರೆ ಚೈನನ್ನು ಒರೆಸಿ ಎಣ್ಣೆ ಸವರಬೇಕು.

ಪೆಟ್ರೋಲು ಮತ್ತು ಎಣ್ಣೆ

ಪೆಟ್ರೋಲು ಕೆಡದ ವಸ್ತುವೆಂದು ತಿಳಿಯಬಾರದು. ತಿಂಗಳುಗಳು ಕಳೆದಂತೆ ಅದರ ಹಗುರ ಅಂಶವು ಆವಿಯಾಗಿ ಅಂಟಿನಂಥ ಗಸಿ ಉಳಿಯುತ್ತದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಇಥೆನಾಲಿನ ಪಾಲು ನೂರಕ್ಕೆ ಸುಮಾರು 20ಕ್ಕೆ ಏರಿದೆ. ಈ ಇಥೆನಾಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಅರ್ಧ ಬರಿದಾದ ಟ್ಯಾಂಕಿನಲ್ಲಿ ಗಾಳಿಗೂ ತೇವಕ್ಕೂ ಎಡೆ ಹೆಚ್ಚು, ತುಕ್ಕಿಗೂ ಅವಕಾಶ ಹೆಚ್ಚು. ಆದುದರಿಂದ ಎರಡು ಮೂರು ತಿಂಗಳ ಮಾತಾದರೆ ಬಂಕಿನಲ್ಲಿ ಹೇಳಿದ ಮಿತಿಯವರೆಗೆ ಟ್ಯಾಂಕನ್ನು ತುಂಬಿಸುವುದೇ ಯೋಗ್ಯ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಅದರೊಳಗಿನ ಪೆಟ್ರೋಲನ್ನು ಮೆಕ್ಯಾನಿಕ್‌ನಿಂದ ಇಳಿಸಿಸಬೇಕು. ಆರು ತಿಂಗಳಿಗೂ ಮೀರುವುದಾದರೆ ಟ್ಯಾಂಕಿನದನ್ನೂ ಅವನಿಂದಲೇ ತೆಗೆಸುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆಯ ಮಾತು. ತೆಗೆದ ಪೆಟ್ರೋಲನ್ನು ಬಾಟಲಿಯಲ್ಲಿ ತುಂಬಿ ಕೋಣೆಯಲ್ಲಿಡುವ ಅಭ್ಯಾಸವನ್ನು ಕಟ್ಟುನಿಟ್ಟಾಗಿ ಬಿಡಬೇಕು. ಆರೆಂಟು ಜನ ಮಲಗುವ, ಮೂಲೆಯಲ್ಲೇ ಸ್ಟವ್ ಉರಿಯುವ ಕೋಣೆಯಲ್ಲಿ ಅಂಥ ಬಾಟಲಿಯೊಂದು ಇರುವುದೆಂದರೆ ಎಲ್ಲರ ಪ್ರಾಣವನ್ನು ಒತ್ತೆಯಿಟ್ಟಂತೆ. ಇದೇ ಕಾರಣದಿಂದ ಗಾಡಿಯನ್ನೂ ಒಲೆಯಿರುವ ಕಡೆ, ಜನ ಇಳಿದು ಓಡಬೇಕಾದ ಮೆಟ್ಟಿಲ ಬುಡದಲ್ಲಿ ನಿಲ್ಲಿಸಲಾಗದು.

ಇಂಜಿನಿನ ಹಳೆಯ ಎಣ್ಣೆಯಲ್ಲಿ ಹುಳಿಯಂಶವೂ ತೇವವೂ ಸೇರಿರುವುದರಿಂದ ಅದು ಒಳಗಿನ ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಹೇಗೂ ಬದಲಿಸಬೇಕಾದ ಎಣ್ಣೆಯನ್ನು ಬಂದ ಮೇಲೆ ಬದಲಿಸುವ ಬದಲು ಹೊರಡುವ ಮುನ್ನವೇ ಬದಲಿಸಿದರೆ ವೆಚ್ಚ ಅಷ್ಟೇ, ಲಾಭ ಹೆಚ್ಚು.

ಬ್ಯಾಟರಿ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವು ವಿದ್ಯುತ್ತಿನ ಹತೋಟಿಯಲ್ಲಿ ಪೆಟ್ರೋಲು ಚಿಮ್ಮಿಸುವ ಬಗೆಯವು. ಹಲವಕ್ಕೆ ಕಿಕ್ಕರೂ ಇಲ್ಲ. ಬ್ಯಾಟರಿ ಬತ್ತಿದರೆ ಅವು ಅಲುಗಲಾರವು. ಆದುದರಿಂದ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿಸಿ, ಅದರ ತಂತಿಗಳನ್ನು ಬಿಚ್ಚಿಡಬೇಕು. ಬಿಚ್ಚುವಾಗ ಮೊದಲು ಮೈನಸ್ ತಂತಿ, ಮರಳಿ ಜೋಡಿಸುವಾಗ ಕೊನೆಗೆ ಮೈನಸ್ ತಂತಿ, ಇದು ನಿಯಮ. ಹಾಗೆ ಬಿಚ್ಚಿಟ್ಟರೂ ಬ್ಯಾಟರಿಯು ತಾನಾಗಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ತಿಂಗಳಿಗೊಮ್ಮೆ ಚಾರ್ಜು ಮಾಡಿಸಲು ನಂಬುಗೆಯ ಗೆಳೆಯನೊಬ್ಬನಿಗೆ ಒಪ್ಪಿಸಿ ಹೋಗುವುದು ಉತ್ತಮ.

“ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡು ಮಾರಾಯಾ” ಎಂದು ಆ ಗೆಳೆಯನಿಗೆ ಹೇಳಿ ಹೋಗುವ ಪದ್ಧತಿಯಿಂದ ಉಪಕಾರಕ್ಕಿಂತ ಅಪಕಾರವೇ ಅಧಿಕ. ಎರಡು ನಿಮಿಷದಲ್ಲಿ ಇಂಜಿನು ಕಾಯುವುದಿಲ್ಲ. ಸುಟ್ಟ ಪೆಟ್ರೋಲಿನಿಂದ ಹುಟ್ಟಿದ ನೀರು ಸೈಲೆನ್ಸರಿನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ. ಬ್ಯಾಟರಿಯು ಕೊಟ್ಟಷ್ಟನ್ನು ಮರಳಿ ಪಡೆಯುವುದೂ ಇಲ್ಲ. ಲೈಸೆನ್ಸು ಉಳ್ಳ ಗೆಳೆಯನು ಇಪ್ಪತ್ತು ನಿಮಿಷ ಓಡಿಸಿ ತರುವುದಾದರೆ ಸರಿ, ಇಲ್ಲವಾದರೆ ಮುಟ್ಟದಿರುವುದೇ ಮೇಲು.

ಹೊದಿಕೆ ಮತ್ತು ಕಾಗದಪತ್ರ

ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿದರೆ ಒಳಗಿನ ತೇವವು ಹೊರಗೆ ಹೋಗದು. ಸೂರಿನಡಿ ನಿಂತ ಗಾಡಿಗೆ ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು. ಸೈಲೆನ್ಸರು ತಣ್ಣಗಾದ ಮೇಲೆ ಅದರ ಬಾಯಿಗೆ ಚೀಲ ಕಟ್ಟಿದರೆ ನೀರೂ ಇಲಿಯೂ ಒಳಹೊಗವು. ಹಾಗೆ ಕಟ್ಟಿರುವುದನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ತೂಗಹಾಕಬೇಕು. ಮೂರು ತಿಂಗಳ ಬಳಿಕ ಯಾರಿಗೂ ನೆನಪಿರದು.

ಗಾಡಿ ನಿಂತಿದೆಯೆಂದು ವಿಮೆಯನ್ನು ನಿಲ್ಲಿಸುವುದು ಜಾಣತನವಲ್ಲ. ಸಾರ್ವಜನಿಕ ಸ್ಥಳದಲ್ಲಿ ಓಡಿಸಲು ಮೂರನೆಯವರ ವಿಮೆಯು 1988ರ ಮೋಟರು ವಾಹನ ಕಾಯ್ದೆಯಂತೆ ಕಡ್ಡಾಯ. ಆದರೆ ಅದೊಂದೇ ಇದ್ದರೆ ಕಳವಿಗೂ ನೆರೆಗೂ ಪರಿಹಾರ ಸಿಗದು. ಅದಕ್ಕೆ ಸಮಗ್ರ ವಿಮೆಯೇ ಬೇಕು. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಪರಿಹಾರ ಕೇಳದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯೂ ಕೈತಪ್ಪುತ್ತದೆ. ರಜೆಯ ನಡುವೆ ಅವಧಿ ಮುಗಿಯುವುದೇ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳಬೇಕು.

ಮರಳಿ ಬಂದ ಮೇಲೆ

ರೈಲಿಳಿದು ಬಂದವನೇ ಗುಂಡಿ ಒತ್ತಬಾರದು. ಸೈಲೆನ್ಸರಿನ ಚೀಲ ಬಿಚ್ಚಿ, ವಯರುಗಳನ್ನು ನೋಡಿ, ಟೈರಿಗೆ ಗಾಳಿ ಹಾಕಿಸಿ, ಗಾಡಿಯನ್ನು ಕೈಯಿಂದ ತಳ್ಳುತ್ತ ಎರಡೂ ಬ್ರೇಕುಗಳನ್ನು ಪರೀಕ್ಷಿಸಿದ ಮೇಲೆಯೇ ಹತ್ತಬೇಕು. ಗಾಡಿ ಮುಳುಗಿತ್ತೆಂದು ನೆರೆಯವರು ಹೇಳಿದರಂತೂ ಸ್ಟಾರ್ಟ್ ಮಾಡುವ ಗೋಜಿಗೇ ಹೋಗದೆ ಮೆಕ್ಯಾನಿಕ್‌ನನ್ನು ಕರೆಯಬೇಕು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನು ಅದನ್ನು ಅದುಮಲಾರದು, ಒಳಗಿನ ರಾಡು ಬಾಗುತ್ತದೆ, ನೂರರಲ್ಲಿ ಮುಗಿಯಬೇಕಾದ ಕೆಲಸ ಸಾವಿರಗಳಿಗೆ ಏರುತ್ತದೆ.

ಬೆಳಗಿನ ಐದು ಗಂಟೆಯ ಪಾಳಿಗೆ ಹೋಗುವವನಿಗೂ, ಕಚೇರಿಯ ಗಡಿಯಾರಕ್ಕೆ ಅಂಜುವ ಗುಮಾಸ್ತನಿಗೂ ಗಾಡಿಯೆಂಬುದು ಆಡಂಬರದ ವಸ್ತುವಲ್ಲ. ಊರಿನಿಂದ ಕೈ ಬರಿದು ಮಾಡಿಕೊಂಡು ಬಂದ ದಿನವೇ ಅದು ಕೈಕೊಟ್ಟರೆ ಸಾಲಕ್ಕೆ ಕೈಯೊಡ್ಡಬೇಕಾದೀತು. ಈ ಸಲ ಪೆಟ್ಟಿಗೆ ಕಟ್ಟುವ ಮುನ್ನಾದಿನ ಒಂದೆರಡು ಗಂಟೆಗಳನ್ನು ಗಾಡಿಗಾಗಿ ಮೀಸಲಿಡಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.