ಗರ್ಭಕಂಠದ ಅರ್ಬುದದಲ್ಲಿ ಪ್ರೋಟೀನಿನ ಕುರುಹುಗಳು

ಧೂಮವನ್ನು ಕಂಡು ವಹ್ನಿಯನ್ನು ಊಹಿಸುವುದು ನೈಯಾಯಿಕರ ಪ್ರಸಿದ್ಧವಾದ ಉದಾಹರಣೆ. ಗರ್ಭಕಂಠದ ಅರ್ಬುದದಲ್ಲಿ ವೈದ್ಯರು ಹುಡುಕುವ ಪ್ರೋಟೀನುಗಳೂ ಇಂತಹ ಹೇತುಗಳೇ. ಆದರೆ ಅವುಗಳಲ್ಲಿ ಮುಖ್ಯವಾದ ಪಿ-16 ಎಂಬುದರ ಸ್ವಭಾವವು ವಿಚಿತ್ರವಾದುದು: ಕೋಶಗಳ ವೃದ್ಧಿಯನ್ನು ತಡೆಯುವುದೇ ಅದರ ಧರ್ಮ, ವೃದ್ಧಿಯು ಮಿತಿಮೀರಿದಲ್ಲಿಯೇ ಅದು ಹೇರಳವಾಗಿ ಕಾಣುವುದು.

ಈ ರೋಗದ ಮೂಲವು ಪ್ಯಾಪಿಲೋಮ ವೈರಸ್ಸು. ಅದರ 16ನೆಯ ಪ್ರಭೇದವನ್ನು 1983ರಲ್ಲಿ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡವು ಗರ್ಭಕಂಠದ ಗೆಡ್ಡೆಗಳಲ್ಲಿ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. (ಪ್ರಭೇದದ ಹದಿನಾರಿಗೂ ಪ್ರೋಟೀನಿನ ಹದಿನಾರಿಗೂ ಸಂಬಂಧವಿಲ್ಲ, ಎರಡನೆಯದು ಅಣುತೂಕದಿಂದ ಬಂದುದು.) ವೈರಸ್ಸಿನ ಇ-6 ಎಂಬ ಪ್ರೋಟೀನು ಕೋಶದ ರಕ್ಷಕವಾದ ಪಿ-53ನ್ನು ನಾಶಗೊಳಿಸುವುದು, ಇ-7 ಎಂಬುದು ಆರ್‌ಬಿ ಎಂಬ ಇನ್ನೊಂದು ರಕ್ಷಕವನ್ನು ಕಟ್ಟಿಹಾಕುವುದು. ಆರ್‌ಬಿಯು ವಿಭಜನೆಯ ಬಾಗಿಲ ಕಾವಲುಗಾರ. ಅವನನ್ನು ಬಾಗಿಲಲ್ಲಿ ನಿಲ್ಲಿಸುವುದು ಪಿ-16ರ ಕೆಲಸ. ಅವನು ಸ್ವಸ್ಥನಾಗಿರುವಾಗ ಪಿ-16ರ ಉತ್ಪತ್ತಿಯೂ ಮಿತವಾಗಿರುವುದು. ಕಾವಲುಗಾರನೇ ಬಂಧಿತನಾದ ಮೇಲೆ ಕೋಶವು ಪಿ-16ನ್ನು ರಾಶಿರಾಶಿಯಾಗಿ ಉತ್ಪಾದಿಸಿದರೂ ಅದು ನಿರರ್ಥಕ. ಮುರಿದ ಕಡಿವಾಣವನ್ನು ಪದೇ ಪದೇ ಎಳೆದಂತೆ.

ಕೌಜಲಗಿಯಂತಹ ಗ್ರಾಮದ ತರುಣಿಯೊಬ್ಬಳಿಂದ ತೆಗೆದ ಮಾಂಸಖಂಡವು ಪರೀಕ್ಷೆಗೆ ಬಂದಿತೆಂದು ಭಾವಿಸೋಣ. ಪೂರ್ವವಿಕಾರದ ಮೊದಲನೆಯ ಮಟ್ಟವು ಬಹುಮಟ್ಟಿಗೆ ತಾನೇ ಶಮಿಸುವುದು; ಮೂರನೆಯದನ್ನು ಉಪೇಕ್ಷಿಸಬಾರದು. ನಡುವಣ ಮಟ್ಟದಲ್ಲಿಯೇ ಪರೀಕ್ಷಕರಲ್ಲಿ ಮತಭೇದ. ಅಲ್ಲಿ ಪಿ-16ರ ಕಂದುಬಣ್ಣವು ತಳದ ಪದರದಿಂದ ಅಖಂಡವಾಗಿ ಮೇಲೇರಿದ್ದರೆ ವಿಕಾರವನ್ನು ಮೇಲಿನ ವರ್ಗಕ್ಕೆ ಸೇರಿಸುವರು. ನಿರ್ಣಯವು ಅಲ್ಪವಿಷಯವಲ್ಲ: ಕಂಠದ ಭಾಗವನ್ನು ಕತ್ತರಿಸಿದ ಮೇಲೆ ಅಕಾಲಪ್ರಸವದ ಭಯವು ಹೆಚ್ಚುವುದು, ಕತ್ತರಿಸದಿದ್ದರೆ ಅರ್ಬುದದ ಭಯ.

ಆದರೂ ಈ ಹೇತುವು ವ್ಯಭಿಚಾರರಹಿತವಲ್ಲ. ಬಣ್ಣವು ಕಂಡ ವಿಕಾರಗಳೂ ಕೆಲವು ಶಮಿಸುವುವು. ಆದುದರಿಂದ ಉಜ್ಜಿ ತೆಗೆದ ಕೋಶಗಳಲ್ಲಿ ವಿಭಜನೆಯ ಕುರುಹಾದ ಕೆಐ-67ನ್ನೂ ಜೊತೆಗೆ ನೋಡುವರು. ಸ್ವಸ್ಥಕೋಶದಲ್ಲಿ ಇವೆರಡೂ ಒಟ್ಟಿಗಿರವು.

ರೋಗವು ಪ್ರೌಢವಾದ ಮೇಲೆ ರಕ್ತದಲ್ಲಿ ಎಸ್‌ಸಿಸಿ ಎಂಬ ಪ್ರೋಟೀನನ್ನು ಅಳೆಯುವರು. ಜಪಾನಿನ ಕಾಟೊ, ತೊರಿಗೋಯೆ ಎಂಬವರು 1977ರಲ್ಲಿ ಇದನ್ನು ವರ್ಣಿಸಿದರು. ಹಂತವು ಏರಿದಂತೆ ಸಾಮಾನ್ಯವಾಗಿ ಇದೂ ಏರುವುದು. ಚಿಕಿತ್ಸೆಯಿಂದ ಇಳಿದುದು ಮರಳಿ ಏರಿದರೆ ರೋಗದ ಪುನರಾಗಮನವನ್ನು ಶಂಕಿಸುವರು. ಕೆಲವು ಚರ್ಮರೋಗಗಳಲ್ಲಿಯೂ ಇದು ಏರುವುದರಿಂದ ರೋಗವನ್ನು ಮೊದಲು ಕಂಡುಹಿಡಿಯಲು ಯೋಗ್ಯವಲ್ಲ.

ಗ್ರಾಮಗಳಲ್ಲಿ ಯಾವ ಪರೀಕ್ಷೆಯು ಪ್ರಾಣವನ್ನುಳಿಸುವುದೆಂಬುದಕ್ಕೆ ನೆರೆಯ ಉಸ್ಮಾನಾಬಾದ್ ಜಿಲ್ಲೆಯ ಪ್ರಯೋಗವು ಪ್ರಮಾಣ. 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನೊಳಗೊಂಡ ಅದರ ಫಲವು 2009ರಲ್ಲಿ ಪ್ರಕಟವಾಯಿತು: ಒಂದೇ ಸಲ ವೈರಸ್ಸಿನ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ರೋಗದ ಮರಣಗಳು ಸುಮಾರು ಅರ್ಧಕ್ಕಿಳಿದಿದ್ದುವು. ಕೌಜಲಗಿಯ ಸ್ತ್ರೀಯರಿಗೂ ಮೊದಲು ಸಲ್ಲತಕ್ಕುದು ಅದೇ ಪರೀಕ್ಷೆ. ಪಿ-16ರ ಬಣ್ಣವು ಅನಂತರ ಸಂದೇಹವುಳಿದ ಖಂಡಕ್ಕೆ.