ಯಾತನೆಗೆ ಮಹಿಮೆಯೆಂಬ ಹೆಸರು

ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಥೋಲಿಕರು ತಲೆಮಾರುಗಳಿಂದ ಆಡಿಕೊಂಡು ಬಂದಿರುವ ಪ್ರಭುವಿನ ಪಾಡುಗಳ ನಾಟಕಕ್ಕೆ ‘ಮಹಿಮೆ’ ಎಂದು ಹೆಸರು. ಸೆರೆಹಿಡಿಯುವಿಕೆ, ಚಾಟಿಯೇಟು, ಮುಳ್ಳಿನ ಕಿರೀಟ, ಶಿಲುಬೆಮರಣ ಅದರ ವಸ್ತು. ಲೋಕದ ಕಣ್ಣಿಗೆ ಅವಮಾನವೇ ಆಗಿರುವ ಈ ಘಟನಾವಳಿಗೆ ‘ಮಹಿಮೆ’ ಎಂಬ ಹೆಸರು ಒಪ್ಪುವುದೆಂತು? ದೇವರ ಮಹಿಮೆಗಾಗಿ ಬಾಳುವುದೆಂದರೇನು ಎಂಬ ಪ್ರಶ್ನೆಗೆ ಉತ್ತರವನ್ನು ಈ ಹೆಸರಿನಿಂದಲೇ ತೊಡಗಬಹುದು.

ಮೊದಲು ಪದದ ಅರ್ಥವನ್ನು ನೋಡೋಣ. ಹಳೆಯ ಒಡಂಬಡಿಕೆಯಲ್ಲಿ ಮಹಿಮೆಗೆ ಬಳಕೆಯಾಗಿರುವ ಹೀಬ್ರೂ ಪದ ‘ಕಾಬೋದ್’. ಭಾರ, ತೂಕ ಎಂಬುದು ಅದರ ಮೂಲಾರ್ಥ. ನಾವೂ ‘ತೂಕದ ಮಾತು’, ‘ಘನವಂತ’ ಎನ್ನುವಾಗ ಇದೇ ಭಾವವನ್ನು ಸೂಚಿಸುತ್ತೇವೆ. ಗ್ರೀಕ್ ಭಾಷಾಂತರಕಾರರು ಇದಕ್ಕೆ ಆರಿಸಿಕೊಂಡ ‘ದೊಕ್ಸಾ’ ಎಂಬ ಪದಕ್ಕೆ ಗ್ರೀಕರಲ್ಲಿ ಅಭಿಪ್ರಾಯ ಎಂಬ ಅರ್ಥವಿತ್ತು. ಪರರು ನಮ್ಮ ಬಗ್ಗೆ ಹೊಂದಿರುವ ಅಭಿಪ್ರಾಯ, ಅಂದರೆ ಕೀರ್ತಿ ಎಂಬ ಅರ್ಥವೂ ಇತ್ತು. ಸಂತ ಯೊವಾನ್ನರು ಈ ಎರಡು ಅರ್ಥಗಳನ್ನೂ ಎದುರುಬದುರು ನಿಲ್ಲಿಸುತ್ತಾರೆ. ಒಬ್ಬರಿಂದೊಬ್ಬರು ಮನ್ನಣೆ ಪಡೆಯುವುದರಲ್ಲೇ ತೃಪ್ತರಾದವರು ವಿಶ್ವಾಸಿಸಲಾರರೆಂದು ಯೇಸುಸ್ವಾಮಿ ಎಚ್ಚರಿಸುತ್ತಾರೆ (ಯೊವಾನ್ನ 5:44). ಯೇಸುವನ್ನು ಒಳಗೊಳಗೇ ನಂಬಿದ ಮುಖಂಡರು ಬಾಯಿಬಿಡದೆ ಹೋದದ್ದಕ್ಕೂ ಇದೇ ಕಾರಣವೆಂದು ಶುಭಸಂದೇಶಕಾರರು ಹೇಳುತ್ತಾರೆ (12:42-43). ಆದುದರಿಂದ ಸ್ವಕೀರ್ತಿಯ ಹಂಬಲ ಬರಿಯ ನಡತೆಯ ದೋಷವಲ್ಲ. ಅದು ವಿಶ್ವಾಸಕ್ಕೇ ಬರುವ ಅಡ್ಡಿ.

ಹಾಗಾದರೆ ದೇವರ ಮಹಿಮೆ ಎಲ್ಲಿ ಕಾಣಿಸುತ್ತದೆ? ಯೊವಾನ್ನರ ಶುಭಸಂದೇಶದಲ್ಲಿ ನರಪುತ್ರನು ಮಹಿಮೆ ಹೊಂದುವ ಗಳಿಗೆ ಬಂತೆಂದ ಕೂಡಲೇ ಮಣ್ಣಿಗೆ ಬಿದ್ದು ಸಾಯುವ ಗೋಧಿಯ ಕಾಳಿನ ಮಾತು ಬರುತ್ತದೆ (12:23-24). ಯೂದನು ದ್ರೋಹಕ್ಕಾಗಿ ಹೊರಟು ಹೋಗಿ ರಾತ್ರಿಯಾದಾಗಲೇ ಯೇಸು ತಮಗೆ ಮಹಿಮೆಯಾಯಿತೆಂದು ನುಡಿಯುತ್ತಾರೆ (13:30-31). ಪೇತ್ರರು ದೇವರನ್ನು ಮಹಿಮೆಪಡಿಸುವುದು ತಮ್ಮ ಮರಣದಿಂದ (21:19). ಶಿಲುಬೆ ಮಹಿಮೆಗೆ ಮುನ್ನ ದಾಟಬೇಕಾದ ಅಡೆತಡೆಯಲ್ಲ. ಕೊನೆಯವರೆಗೂ ತನ್ನನ್ನೇ ಕೊಟ್ಟುಕೊಳ್ಳುವ ದೇವಪ್ರೀತಿ ಬಯಲಾಗುವ ಎಡೆಯೇ ಅದು. ಹಾರೋಬೆಲೆಯ ಹಿರಿಯರು ಪಾಡುಗಳನ್ನು ‘ಮಹಿಮೆ’ ಎಂದು ಕರೆದಾಗ ಯೊವಾನ್ನರ ದೈವಶಾಸ್ತ್ರವನ್ನೇ ಒಂದು ಪದದಲ್ಲಿ ಹೇಳಿದಂತಾಯಿತು.

ಇಲ್ಲೊಂದು ಆಕ್ಷೇಪ ಏಳಬಹುದು. ನಾವು ಕೀರ್ತಿ ಬಯಸುವುದು ದೋಷವಾದರೆ, ದೇವರು ತಮ್ಮ ಮಹಿಮೆಯನ್ನು ಬಯಸುವುದು ದೋಷವಲ್ಲವೆ? ಸಂತ ತೋಮಾಸ್ ಅಕ್ವಿನಾಸರು ಒಣಪ್ರತಿಷ್ಠೆಯನ್ನು ಕುರಿತ ಚರ್ಚೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ದೇವರು ತಮ್ಮ ಮಹಿಮೆಯನ್ನು ಅರಸುವುದು ತಮಗಾಗಿ ಅಲ್ಲ, ನಮಗಾಗಿ. ನಮ್ಮ ಸ್ತುತಿಯಿಂದ ಅವರಿಗೆ ಏನೂ ಕೂಡುವುದಿಲ್ಲ; ಅವರನ್ನು ಅರಿತ ನಮಗೇ ಜೀವ ದೊರೆಯುತ್ತದೆ. 2ನೆಯ ಶತಮಾನದ ಸಂತ ಐರೇನಿಯಸರು ಜೀವಂತ ಮಾನವನಲ್ಲಿ ದೇವರ ಮಹಿಮೆಯನ್ನು ಕಂಡದ್ದೂ ಇದೇ ಅರ್ಥದಲ್ಲಿ. ಮನುಷ್ಯನು ಕುಗ್ಗಿದಷ್ಟೂ ದೇವರು ಹಿಗ್ಗುತ್ತಾರೆಂಬ ಲೆಕ್ಕ ಕ್ರೈಸ್ತ ವಿಶ್ವಾಸದ್ದಲ್ಲ.

ಕೀರ್ತಿಯೆಲ್ಲವೂ ಪಾಪವೆಂದು ಅಕ್ವಿನಾಸರು ಹೇಳುವುದಿಲ್ಲ. ಅವರ ಪ್ರಕಾರ ಅದು ಮೂರು ಬಗೆಯಲ್ಲಿ ಒಣದಾಗುತ್ತದೆ: ಇಲ್ಲದ ಅಥವಾ ನಿಲ್ಲದ ವಿಷಯಕ್ಕಾಗಿ ಅದನ್ನು ಬಯಸಿದಾಗ, ತೀರ್ಪು ಸ್ಥಿರವಲ್ಲದ ಮನುಷ್ಯರಿಂದ ಬಯಸಿದಾಗ, ದೇವರ ಗೌರವಕ್ಕಾಗಲಿ ನೆರೆಯವರ ಉದ್ಧಾರಕ್ಕಾಗಲಿ ಅದನ್ನು ಸಲ್ಲಿಸದಿದ್ದಾಗ. ಸತ್ಕಾರ್ಯಗಳನ್ನು ಕಂಡು ಜನರು ಪರಲೋಕದ ಪಿತನನ್ನು ಸ್ತುತಿಸಲೆಂಬ ಮಾತು (ಮತ್ತಾಯ 5:16), ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿರೆಂಬ ಮಾತು (6:1) ಒಂದೇ ಪರ್ವತಪ್ರಸಂಗದಲ್ಲಿವೆ. ಕಾಣುವುದು ತಪ್ಪಲ್ಲ, ನೋಡುವವರ ದೃಷ್ಟಿಯನ್ನು ನಮ್ಮಲ್ಲೇ ತಡೆದು ನಿಲ್ಲಿಸುವುದು ತಪ್ಪು.

ಈ ಅಪಾಯ ಯಾಜಕರಿಗೆ ಹೆಚ್ಚು ಹತ್ತಿರದ್ದು. 4ನೆಯ ಶತಮಾನದ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಒಣಪ್ರತಿಷ್ಠೆಯನ್ನು ವರ್ಣಿಸುವಾಗ, ಅದು ಸನ್ಯಾಸಿಗೆ ಗುರುಪಟ್ಟದ ಕನಸನ್ನೇ ತೋರಿಸುತ್ತದೆ, ತನ್ನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಜನರನ್ನು ತೋರಿಸುತ್ತದೆ ಎನ್ನುತ್ತಾನೆ. ಸಂತ ಕ್ಯಾಸಿಯನರು ಹಿರಿಯರ ಹೋಲಿಕೆಯೊಂದನ್ನು ಕೊಡುತ್ತಾರೆ: ಅದು ಈರುಳ್ಳಿಯಂತೆ, ಒಂದು ಸಿಪ್ಪೆ ಸುಲಿದರೆ ಇನ್ನೊಂದು. ಹೊಗಳಿಕೆಯನ್ನು ತೊರೆದವನು ತೊರೆದೆನೆಂದೇ ಬೀಗುತ್ತಾನೆ. ನಮ್ಮ ಕಾಲದ ಸಿಪ್ಪೆಗಳು ನಮಗೆ ಗೊತ್ತೇ ಇವೆ: ಗುರುದೀಕ್ಷೆಯ ದಿನದಿಂದಲೇ ಬೀದಿಗೆ ಬರುವ ಫ್ಲೆಕ್ಸ್‌ಗಳು, ಶಾಲು, ಹಾರ, ಪೇಟದ ಸನ್ಮಾನಗಳು, ಪ್ರಬೋಧನೆಯ ವಿಡಿಯೋವನ್ನು ಎಷ್ಟು ಮಂದಿ ನೋಡಿದರೆಂಬ ಎಣಿಕೆ. ಜನರ ಪ್ರೀತಿಯನ್ನು ಒರಟಾಗಿ ತಳ್ಳಬೇಕಿಲ್ಲ. ಆದರೆ ಕ್ರಿಸ್ತರಲ್ಲಿ ಪಿತದೇವರ ಮಹಿಮೆಯೇ ಯಾಜಕರ ಸೇವೆಯ ಮತ್ತು ಬಾಳಿನ ಗುರಿಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿರುವಾಗ, ಆ ಪ್ರೀತಿ ನಮ್ಮ ಬಳಿ ತಂಗಲು ಬಂದದ್ದಲ್ಲವೆಂಬ ಅರಿವು ಬೇಕು.

ಹಾರೋಬೆಲೆಯ ಕಪಾಲಬೆಟ್ಟದ ಹೆಸರನ್ನು ಈ ಸಂದರ್ಭದಲ್ಲಿ ಬಿಡುವಂತಿಲ್ಲ. ಅಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಯ ಯೋಜನೆಗೆ 2019ರ ಕ್ರಿಸ್ಮಸ್ ದಿನ ಶಂಕುಸ್ಥಾಪನೆಯಾಯಿತು. 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆ ನಡೆಯಿತು; ನಾಡಿನಾದ್ಯಂತ ವಾದವಿವಾದ ಎದ್ದಿತು. ಭೂಮಿಯ ಹಕ್ಕು, ಆರಾಧನೆಯ ಸ್ವಾತಂತ್ರ್ಯ ಕಾನೂನಿನ ನೆಲೆಯಲ್ಲಿ ಇತ್ಯರ್ಥವಾಗಬೇಕಾದವು. ಅವನ್ನು ನಾವು ಲಘುವಾಗಿ ಕಾಣಬಾರದು. ದೈವಶಾಸ್ತ್ರದ ಪ್ರಶ್ನೆ ಬೇರೆ. ಗೊಲ್ಗೊಥಾ ಎಂದರೂ ಕಪಾಲವೆಂದೇ ಅರ್ಥ. ಅಲ್ಲಿ ಮೇಲೆತ್ತಲ್ಪಟ್ಟವರು ಎಲ್ಲರನ್ನೂ ತಮ್ಮತ್ತ ಸೆಳೆದುಕೊಳ್ಳುವರೆಂದರೆ (12:32) ಆ ಸೆಳೆತ ಎತ್ತರದ್ದಲ್ಲ, ಪ್ರೀತಿಯದು. ಪ್ರತಿಮೆ ನಿಂತರೂ ನಿಲ್ಲದಿದ್ದರೂ ಬೆಟ್ಟದ ಸುತ್ತಲಿನ ನೆರೆಹೊರೆಯವರಲ್ಲಿ ನಮ್ಮ ಬಾಳು ಯಾರ ನೆನಪನ್ನು ಹುಟ್ಟಿಸುತ್ತದೆಂಬುದು ನಮ್ಮ ಮುಂದಿರುವ ಪ್ರಶ್ನೆ.

ಈ ವಿವೇಚನೆಗೆ ಶ್ರೀಗ್ರಂಥವೇ ಒಂದು ಒರೆಗಲ್ಲನ್ನು ಕೊಡುತ್ತದೆ. ಜನರೆಲ್ಲ ಯೇಸುವಿನ ಕಡೆಗೆ ಹೋಗುತ್ತಿದ್ದಾರೆಂಬ ದೂರು ಬಂದಾಗ ಸ್ನಾನಿಕ ಯೊವಾನ್ನರು ಮದುಮಗನ ಗೆಳೆಯನಂತೆ ಸಂತೋಷಪಟ್ಟರು (3:26-30). ಪೈಪೋಟಿಯಿಂದ ಬೋಧಿಸುವವರಿದ್ದರೂ ಕ್ರಿಸ್ತರು ಸಾರಲ್ಪಟ್ಟರೆಂದು ಸೆರೆಯಲ್ಲಿದ್ದ ಸಂತ ಪೌಲರು ಹರ್ಷಿಸಿದರು (ಫಿಲಿಪ್ಪಿ 1:15-18). ನಾನು ಕಟ್ಟಿದ ಧರ್ಮಕೇಂದ್ರದಲ್ಲಿ ನನ್ನ ನಂತರ ಬಂದವರು ನನಗಿಂತ ಚೆನ್ನಾಗಿ ನಡೆಸಿದರೆ, ಜನರು ಅವರನ್ನೇ ಕೊಂಡಾಡಿದರೆ, ನನಗೆ ಸಂತೋಷವಾಗುವುದೆ? ರಾತ್ರಿಯ ಆತ್ಮಶೋಧನೆಯಲ್ಲಿ ಈ ಪ್ರಶ್ನೆಯನ್ನು ಗುರುಮಠದ ದಿನಗಳಿಂದಲೇ ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ಉತ್ತರ ತಡವರಿಸಿದ ದಿನ ಶಿಲುಬೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿ ಕುಳಿತುಕೊಳ್ಳೋಣ.