ಶನಿವಾರ ಭಾನುವಾರದ ಕನ್ನಡ

(ಬಾನುಲಿ ಭಾಷಣ)

ಕೂಸಿರುವ ಮನೆಯಲ್ಲಿ ಪಂಚಾಂಗಕ್ಕಿಂತ ಹೆಚ್ಚಾಗಿ ಎಣಿಕೆಗೆ ಬರುವುದು ಕೂಸಿನ ತಿಂಗಳುಗಳು. ಕತ್ತು ನಿಂತಿತೆ, ಮಗುಚಿಕೊಂಡಿತೆ, ಅಂಬೆಗಾಲಿಟ್ಟಿತೆ, ಹೆಜ್ಜೆ ಹಾಕಿತೆ ಎಂದು ಹಿರಿಯರು ಕೇಳುತ್ತಲೇ ಇರುತ್ತಾರೆ. ಕೂಸು ತಾನಾಗಿ ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ವೈದ್ಯರು ಈ ಹಂತಗಳನ್ನು ಮೈಲಿಗಲ್ಲುಗಳೆಂದು ಕರೆಯುತ್ತಾರೆ. ಹೋಲಿಕೆ ಅರ್ಧ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ. ರಸ್ತೆಯ ಕಲ್ಲು ಎಲ್ಲ ಪ್ರಯಾಣಿಕರಿಗೂ ಒಂದೇ ಕಡೆ ನೆಟ್ಟಿರುತ್ತದೆ. ಮಕ್ಕಳ ಕಲ್ಲು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ನಡೆಯುವ ಹಂತ 8.2 ತಿಂಗಳಿನಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಬರಬಹುದು. ಒಂದು ಕೂಸು ಇನ್ನೊಂದಕ್ಕಿಂತ ಒಂಬತ್ತು ತಿಂಗಳು ಹಿಂದೆ ಉಳಿದರೂ ಎರಡೂ ಸರಿಯಾಗಿಯೇ ಬೆಳೆಯುತ್ತಿರಬಹುದು ಎಂದಾಯಿತು. ಮಾತಿನ ಹಂತಗಳಲ್ಲಿಯೂ ಇಂಥದೇ ಅಂತರ ಉಂಟು. ಜೊತೆಗೆ, ಕಾಲಿಗೆ ಇಲ್ಲದ ಒಂದು ತೊಡಕೂ ಉಂಟು. ನಡಿಗೆಯನ್ನು ಯಾವ ಊರಿನಲ್ಲಿ ಕಲಿತರೂ ಅದು ನಡಿಗೆಯೇ. ಮಾತು ಮಾತ್ರ ಸುತ್ತಲಿನವರು ಆಡಿದ್ದೇ ಬರುತ್ತದೆ. ಪರದೇಶದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಇದು ಎಂಥ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆಂಬುದೇ ಈ ಹೊತ್ತಿನ ನನ್ನ ವಿಷಯ.

ನಮ್ಮ ಮಗಳು ಅಳಿಯ ಲಂಡನ್ನಿನ ನೈಋತ್ಯ ಅಂಚಿನ ಕಿಂಗ್‌ಸ್ಟನ್ನಿನಲ್ಲಿದ್ದಾರೆ. 2023ರ ಮಾರ್ಚಿ ತಿಂಗಳಲ್ಲಿ, ಅವರ ಮಗುವಿಗೆ ಒಂದೂವರೆ ವರ್ಷ ತುಂಬಿದಾಗ, ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿ, ಸಂದರ್ಶಕರಿಗೆ ಅನುಮತಿಸುವ ಆರು ತಿಂಗಳ ಅವಧಿಯನ್ನು ಪೂರ್ತಿ ಕಳೆದು ಬಂದೆವು. ಆ ದೇಶದಲ್ಲಿ ಮಗು ಹುಟ್ಟಿದೊಡನೆ ಕೆಂಪು ಹೊದಿಕೆಯ ಒಂದು ಪುಸ್ತಕ ಕೊಡುತ್ತಾರೆ. ತೂಕ, ಎತ್ತರ, ಚುಚ್ಚುಮದ್ದು ಎಲ್ಲವೂ ಅದರಲ್ಲಿ ದಾಖಲು. ವರ್ಷ ತುಂಬುವ ಹೊತ್ತಿಗೊಮ್ಮೆ, ಎರಡು ಎರಡೂವರೆ ವರ್ಷದ ನಡುವೆ ಮತ್ತೊಮ್ಮೆ, ಆರೋಗ್ಯ ಸಂದರ್ಶಕಿ ಪ್ರಶ್ನಾವಳಿ ಹಿಡಿದು ಮಗುವಿನ ಬೆಳವಣಿಗೆಯನ್ನು ವಿಚಾರಿಸುತ್ತಾಳೆ. ಒಳ್ಳೆಯ ಏರ್ಪಾಡು. ಆದರೆ ನಾವು ಹೋಗುವಷ್ಟರಲ್ಲಿ ಆ ಮನೆಯಲ್ಲಿ ಒಂದು ಆತಂಕ ಹೊಕ್ಕಿತ್ತು. ಮಗು ಹೋಗುತ್ತಿದ್ದ ಶಿಶುವಿಹಾರದವರು, ಅದರ ಹೆಸರು ಇಲ್ಲಿ ಬೇಡ, ಇವಳ ಮಾತು ತಡವಾಗಿದೆ, ಎರಡು ಭಾಷೆಗಳಿಂದ ಗೊಂದಲವಾಗಿರಬೇಕು, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ ಎಂದು ಸಲಹೆಯಿತ್ತಿದ್ದರು. ತಾಯಿ ತಂದೆಯರು ಹೆದರಿ, ತಮಗೆ ಕಚೇರಿಯಲ್ಲಿ ಮಾತ್ರ ಬಳಕೆಯಿದ್ದ ಭಾಷೆಯಲ್ಲಿ ಕೂಸನ್ನು ಮಲಗಿಸಲು ಯತ್ನಿಸುತ್ತಿದ್ದರು. ಜೋಗುಳಕ್ಕೆ ಕಚೇರಿಯ ಭಾಷೆ ಒದಗುವುದು ಕಷ್ಟ.

ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಅವರು ಎಣಿಸಿದ ರೀತಿ ತಪ್ಪು. ನಾವು ಹೋದ ವಾರ ನನ್ನಾಕೆ ಒಂದು ಹಾಳೆಯಲ್ಲಿ ಮಗುವಿನ ಪದಗಳನ್ನು ಬರೆಯುತ್ತ ಹೋದಳು. ಅಮ್ಮ, ಅಪ್ಪ, ಬೂವ, ತಾಚಿ, ಗುಮ್ಮ, ಬೇಡ, ಬಿತ್ತು, ಹೋಯ್ತು ಹೀಗೆ ಕನ್ನಡದವು ಹತ್ತೊಂಬತ್ತು, ಇಂಗ್ಲಿಷಿನವು ಹದಿನಾಲ್ಕು. ಶಿಶುವಿಹಾರದವರ ಕಿವಿಗೆ ಬಿದ್ದಿದ್ದು ಆ ಹದಿನಾಲ್ಕು ಮಾತ್ರ. ಮಗುವಿನ ಗಂಟಿನಲ್ಲಿ ಇದ್ದುದು ಮೂವತ್ತಮೂರು. ಈ ಎಣಿಕೆಯ ಕ್ರಮ ನಮ್ಮ ಮನೆಯ ಸೃಷ್ಟಿಯಲ್ಲ. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಅಮೆರಿಕದ ಮಯಾಮಿಯಲ್ಲಿ ಸ್ಪ್ಯಾನಿಷ್ ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆಯುತ್ತಿದ್ದ ಮಕ್ಕಳನ್ನು ಪರಿಶೀಲಿಸಿ, ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ನೋಡಿದರೆ ಅವರು ಒಂದೇ ಭಾಷೆಯ ಮಕ್ಕಳಿಗೆ ಹಿಂದೆ ಬೀಳುವುದಿಲ್ಲವೆಂದು 1993ರಲ್ಲಿ ಪ್ರಕಟಿಸಿದರು. ಎರಡು ಭಾಷೆಗಳಿಂದ ಮಾತು ತಡವಾಗುತ್ತದೆಂಬುದಕ್ಕೆ ಆಧಾರವಿಲ್ಲ, ಮನೆಮಾತನ್ನು ಬಿಡಬಾರದು ಎಂದೇ ಬ್ರಿಟನ್ನಿನ ವಾಕ್‌ಚಿಕಿತ್ಸಕರ ಸಂಘವೂ ಹೇಳುತ್ತದೆ. ಇದರ ಅರ್ಥ ತಡವನ್ನು ಕಡೆಗಣಿಸಬೇಕೆಂದಲ್ಲ. ಎರಡು ವರ್ಷವಾದರೂ ಎರಡೂ ಭಾಷೆಗಳಲ್ಲಿ ಮಾತು ಹೊರಡದಿದ್ದರೆ, ಸದ್ದಿಗೆ ಮಗು ತಿರುಗಿ ನೋಡದಿದ್ದರೆ, ಮೊದಲು ಕಿವಿಯನ್ನು ಪರೀಕ್ಷಿಸಬೇಕು. ನಿಜವಾದ ತೊಂದರೆ ಒಂದು ಭಾಷೆಯನ್ನು ಮಾತ್ರ ಆರಿಸಿಕೊಂಡು ಬರುವುದಿಲ್ಲ.

ಇನ್ನು ಕಿವಿಯ ಸಂಗತಿ. ಮಾತು ಆರಂಭವಾಗುವುದಕ್ಕೆ ಮೊದಲೇ ಕಿವಿಯ ಪಾಠ ಬಹಳ ದೂರ ಸಾಗಿರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ಬಹಳ ಹತ್ತಿರದ್ದು. ಹಿಂದಿಯ ತಕಾರ ಟಕಾರಗಳ ಭೇದವನ್ನು ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮನೆಗಳ ಕೂಸುಗಳು ಸುಲಭವಾಗಿ ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಇಲ್ಲವಾಗಿತ್ತು. ಹಿಂದಿ ಮನೆಯ ಕೂಸುಗಳಲ್ಲಿ ಉಳಿದಿತ್ತು. ಇದೇ ಭೇದ ಕನ್ನಡದಲ್ಲಿ ಕತ್ತು ಎಂಬುದನ್ನು ಕಟ್ಟು ಎಂಬುದರಿಂದ ಬೇರೆ ಮಾಡುತ್ತದೆ. ಇಂಗ್ಲಿಷಿನ ನಾಲಗೆ ಎರಡರ ನಡುವಣ ಒಂದು ತಾವಿನಲ್ಲಿ ತಾಗಿ ಸುಮ್ಮನಾಗುತ್ತದೆ. ಹೋದ ಭೇದವನ್ನು ಮುಂದೆ ಶ್ರಮಪಟ್ಟು ಸಂಪಾದಿಸಬಹುದೇನೋ ಸರಿ. ಆದರೆ ಮೊದಲ ವರ್ಷದಲ್ಲಿ ಯಾವ ಶ್ರಮವೂ ಇಲ್ಲದೆ ಬಂದಿದ್ದನ್ನು ಉಳಿಸಿಕೊಳ್ಳಲು ಬೇಕಾದುದು ಕೇಳುವ ಅವಕಾಶ ಒಂದೇ.

ಆ ಅವಕಾಶ ಎಷ್ಟು? ಇಲ್ಲಿಯೂ ಎಣಿಸಿ ನೋಡಿದೆವು. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆ ಅದು. ವಾರದ ಐದು ದಿನ ಮಗು ಬೆಳಗ್ಗೆ ಎಂಟಕ್ಕೆ ಶಿಶುವಿಹಾರಕ್ಕೆ ಹೋದರೆ ಸಂಜೆ ಆರಕ್ಕೆ ಮನೆಗೆ. ಎದ್ದು ಹೊರಡುವ ತನಕ ಒಂದು ಗಂಟೆ, ಬಂದು ಮಲಗುವ ತನಕ ಒಂದೂವರೆ ಗಂಟೆ: ದಿನಕ್ಕೆ ಎರಡೂವರೆ ಗಂಟೆ ಕನ್ನಡ, ಅದೂ ಹಲ್ಲುಜ್ಜು, ಬೇಗ ತಿನ್ನು ಎಂಬ ಅವಸರದ ಕನ್ನಡ. ಐದು ದಿನಕ್ಕೆ ಹನ್ನೆರಡೂವರೆ ಗಂಟೆಯಾಯಿತು. ಶನಿವಾರ ಭಾನುವಾರಗಳಲ್ಲಿ ಮಗು ದಿನಕ್ಕೆ ಹನ್ನೊಂದು ಗಂಟೆ ಎಚ್ಚರವಿರುತ್ತದೆಂದರೆ ಇಪ್ಪತ್ತೆರಡು ಗಂಟೆ. ಹೀಗೆ ವಾರದ ಕನ್ನಡದಲ್ಲಿ ಮೂರರಲ್ಲಿ ಎರಡು ಪಾಲು ಬರಬೇಕಾದುದು ಆ ಎರಡೇ ದಿನಗಳಿಂದ. ಆ ಎರಡು ದಿನಗಳೋ, ಅಲ್ಲಿನ ಕುಟುಂಬಗಳಲ್ಲಿ, ಬಹುಪಾಲು ಮನೆಯ ಹೊರಗೆ ಕಳೆಯುವಂಥವು. ಹವೆ ಚೆನ್ನಾಗಿದ್ದರೆ ಯಾರೂ ಒಳಗೆ ಕೂರುವುದಿಲ್ಲ. ವಾರಾಂತ್ಯದ ತಿರುಗಾಟವೆಂದರೆ ಮೋಜು ಎಂದು ನಾವು ದೂರದಿಂದ ಭಾವಿಸುತ್ತೇವೆ. ಆ ಮನೆಯ ಮಟ್ಟಿಗೆ ಅದು ಕನ್ನಡದ ಪಾಠಶಾಲೆ, ಪಾಠ ನಡೆದರೆ.

ಅರವತ್ತೈದನೆಯ ನಂಬರಿನ ಬಸ್ಸು ಕಿಂಗ್‌ಸ್ಟನ್ನಿನಿಂದ ಹೊರಟು ರಿಚ್‌ಮಂಡ್ ಮಾರ್ಗವಾಗಿ ಕ್ಯೂ ತೋಟದ ಪಕ್ಕದಲ್ಲಿ ಹಾದುಹೋಗುತ್ತದೆ. ಮಹಡಿ ಬಸ್ಸು. ಎಳೆಯ ಮಕ್ಕಳಿಗೆ ಟಿಕೆಟ್ಟಿಲ್ಲ. ಮಹಡಿಯ ಮುಂದಿನ ಆಸನ ಸಿಕ್ಕಿದರೆ ಮಗುವಿಗೆ ಇಡೀ ಬೀದಿ ಕಾಲ ಕೆಳಗೆ. ಬಂತು, ಹೋಯ್ತು, ನಿಲ್ತು, ತಿರುಗ್ತು ಎಂಬ ಕ್ರಿಯಾಪದಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸ್ಥಳವನ್ನು ನಾನು ಕಂಡಿಲ್ಲ. ಪದವೂ ಸಂಗತಿಯೂ ಒಂದೇ ಕ್ಷಣದಲ್ಲಿ ಒದಗುತ್ತವೆ.

ಕ್ಯೂ ತೋಟದಲ್ಲಿ 1844ರಿಂದ 1848ರವರೆಗೆ ಕಟ್ಟಿದ ಗಾಜಿನ ತಾಳೆಮನೆಯೊಂದಿದೆ. ಹೊರಗೆ ಕೋಟು ತೊಟ್ಟ ಜನ. ಒಳಗೆ ಕಾಲಿಟ್ಟರೆ ನಮ್ಮ ಕರಾವಳಿಯ ಸೆಕೆ. ನನ್ನ ಕನ್ನಡಕ ಮಂಜುಗಟ್ಟಿ ಐದು ನಿಮಿಷ ಏನೂ ಕಾಣಲಿಲ್ಲ. ಅಂಗಡಿಯ ಬಾಳೆಹಣ್ಣನ್ನು ದಿನವೂ ತಿನ್ನುತ್ತಿದ್ದ ಮಗು ಬಾಳೆಯ ಗಿಡವನ್ನು ಕಂಡಿದ್ದು ಅಲ್ಲಿಯೇ ಮೊದಲು. ನಾವು ಹೋದ ದಿನ ಗೊನೆ ಇರಲಿಲ್ಲ, ಎಲೆಗಳಿದ್ದುವು. ಮಗು ಕತ್ತೆತ್ತಿ ಬಹಳ ಹೊತ್ತು ನೋಡಿ, ‘ದೊಡ್ಡ ಎಲೆ’ ಎಂದಿತು. ಎರಡು ಪದಗಳನ್ನು ಅದು ತಾನಾಗಿ ಜೋಡಿಸಿದ್ದು ಅದೇ ಮೊದಲು; ಆಗ ಅದಕ್ಕೆ ಇಪ್ಪತ್ತು ತಿಂಗಳು. ಎರಡು ವರ್ಷದೊಳಗೆ ಬರಬೇಕಾದ ಹಂತವೆಂದು ವೈದ್ಯರು ಇದಕ್ಕೆ ಬಹಳ ಬೆಲೆ ಕೊಡುತ್ತಾರೆ. ವ್ಯಾಕರಣ ಹುಟ್ಟುವುದು ಇಲ್ಲಿಯೇ: ಒಂದು ಪದ ಇನ್ನೊಂದಕ್ಕೆ ವಿಶೇಷಣವಾಗಿ ನಿಲ್ಲಬಲ್ಲುದೆಂಬ ಅರಿವು. ಎಲೆ, ದಿಂಡು, ಚಿಪ್ಪು, ಗೊನೆ ಎಂಬ ಮಾತುಗಳೆಲ್ಲ ಆ ವಾರ ಮನೆಯಲ್ಲಿ ಓಡಾಡಿದುವು. ಅಂಗಡಿಯವರು ಪೊಟ್ಟಣದಲ್ಲಿಟ್ಟು ಮಾರುವ ಐದು ಹಣ್ಣಿನ ಗೊಂಚಲಿಗೆ ಚಿಪ್ಪು ಎಂಬ ಹೆಸರಿದೆಯೆಂದು ಮಗಳಿಗೇ ಮರೆತುಹೋಗಿತ್ತು.

ರಿಚ್‌ಮಂಡ್ ಉದ್ಯಾನವನ್ನು ಮೊದಲನೆಯ ಚಾರ್ಲ್ಸ್ ದೊರೆ 1637ರಲ್ಲಿ ಬೇಟೆಗಾಗಿ ಗೋಡೆ ಕಟ್ಟಿಸಿ ಬಂದೋಬಸ್ತು ಮಾಡಿದನು. ಜಿಂಕೆಗಳು ಅಲ್ಲಿ ಹಿಂಡುಹಿಂಡಾಗಿ ಮೇಯುತ್ತವೆ. ಐವತ್ತು ಮೀಟರಿನಾಚೆ ನಿಂತು ನೋಡಬೇಕೆಂದು ನಿಯಮ. ಮಗು ಅವನ್ನು ಕಂಡು ‘ಅಂಬಾ’ ಎಂದಿತು. ನಾಲ್ಕು ಕಾಲಿನದೆಲ್ಲ ಅಂಬಾ ಆಗುವುದೂ ಒಂದು ಹಂತವೇ. ಒಂದು ಪದವನ್ನು ಸಾಧ್ಯವಿದ್ದಷ್ಟು ಹಿಗ್ಗಿಸಿ ನೋಡಿ, ಹೊಸ ಪದ ಬಂದಂತೆ ಮಗು ಅದನ್ನು ಕುಗ್ಗಿಸುತ್ತದೆ. ಮೂರನೆಯ ಭಾನುವಾರಕ್ಕೆ ಜಿಂಕೆ ‘ಜಿಂಕಿ’ಯಾಗಿ ಬಂತು. ಇನ್ನೊಂದು ದಿನ ಮಳೆ ನಿಂತ ಮೇಲೆ ಮನೆಯ ಅಂಗಳದಲ್ಲಿ ಬಸವನಹುಳು ಕಾಣಿಸಿ ಆ ಹೆಸರೂ ಸೇರಿತು. ಇದರಿಂದ ಒಂದು ತಮಾಷೆ. ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ನಾವು ಹಿರಿಯರು ಕೈಮುಗಿದು, ‘ನೋಡು, ಬಸವಣ್ಣ’ ಎಂದರೆ, ಮಗು ಪೀಠದ ಸುತ್ತಲೂ ಬಗ್ಗಿ ಹುಳುವನ್ನು ಹುಡುಕಿತು.

ಎರಡು ಭಾಷೆಗಳು ಒಂದೇ ಬಾಯಲ್ಲಿರುವಾಗ ಒಂದರ ಎರಕಕ್ಕೆ ಇನ್ನೊಂದು ಬೀಳುವುದುಂಟು. ‘ನಾನು ಬೇಕು’ ಎನ್ನುತ್ತಿತ್ತು ಮಗು, ನೀರಿಗೆ ಕೈಚಾಚಿ. ಇಂಗ್ಲಿಷಿನಲ್ಲಿ ಬಯಸುವವನು ಕರ್ತೃ, ಪ್ರಥಮಾ ವಿಭಕ್ತಿ. ಕನ್ನಡದಲ್ಲಿ ಬೇಕೆಂಬುದು ನನಗೆ ಒದಗುವ ಒಂದು ಸ್ಥಿತಿ, ಚತುರ್ಥಿ: ‘ನಂಗೆ ನೀರು ಬೇಕು’. ಹಸಿವು, ನಿದ್ದೆ, ಚಳಿ, ಭಯ ಎಲ್ಲವೂ ನಮ್ಮಲ್ಲಿ ‘ನಂಗೆ’ ಆಗುವಂಥವು. ನಲವತ್ತು ವರ್ಷ ವಿಭಕ್ತಿ ಪ್ರಕರಣವನ್ನು ಪಾಠ ಹೇಳಿದ ನನಗೆ, ಒಂದು ಪ್ರತ್ಯಯದಲ್ಲಿ ಅನುಭವವನ್ನು ಕಾಣುವ ಬಗೆಯೇ ಅಡಗಿದೆಯೆಂಬುದು ಅಷ್ಟು ಸ್ಪಷ್ಟವಾಗಿ ಎದುರಿಗೆ ಬಂದದ್ದು ಉದ್ಯಾನದ ಬೆಂಚಿನ ಮೇಲೆ.

ಇಷ್ಟು ಕೇಳಿದರೆ ತಿರುಗಾಡಿದರೆ ಸಾಕು, ಕನ್ನಡ ಬರುತ್ತದೆ ಎಂದು ತೋರೀತು. ಬರುವುದಿಲ್ಲ. ನಾನು ಅಲ್ಲಿ ಕಂಡ ಅನೇಕ ಕನ್ನಡ ಕುಟುಂಬಗಳು ಹೊರಗೆ ಬಂದೊಡನೆ ಮಗುವಿನೊಡನೆ ಇಂಗ್ಲಿಷಿಗೆ ತಿರುಗುತ್ತಿದ್ದುವು. ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚ. ನಾಲ್ಕು ಕನ್ನಡ ಮನೆಗಳು ಸೇರಿ ಹೋದರೆ ದೊಡ್ಡವರದು ಕನ್ನಡ, ಮಕ್ಕಳದು ತಮ್ಮತಮ್ಮೊಳಗೆ ಇಂಗ್ಲಿಷು. ಗುಂಪು ದೊಡ್ಡದಾದಷ್ಟೂ ಮಗುವಿಗೆ ಸಿಕ್ಕುವ ಕನ್ನಡ ಕಡಿಮೆಯೆಂದು ನನಗೆ ಕಂಡಿತು. ಫ್ರಾನ್ಸಿನ ಜೂಲ್ ರೋನ್‌ಜಾ ತನ್ನ ಮಗನೊಡನೆ ತಾನು ಫ್ರೆಂಚನ್ನೂ ತಾಯಿ ಜರ್ಮನನ್ನೂ ಮಾತ್ರ ಆಡುವ ವ್ರತ ಹಿಡಿದು 1913ರಲ್ಲಿ ಅದರ ಫಲವನ್ನು ಗ್ರಂಥವಾಗಿ ಬರೆದನು. ಒಬ್ಬರಿಗೆ ಒಂದು ಭಾಷೆ ಎಂಬ ಆ ಸೂತ್ರ ತಾಯಿ ತಂದೆ ಇಬ್ಬರೂ ಕನ್ನಡಿಗರಾದ ಮನೆಗೆ ಹೊಂದದು. ಅಲ್ಲಿ ಭಾಷೆ ಹಂಚಿಹೋಗಬೇಕಾದುದು ವ್ಯಕ್ತಿಗಳಲ್ಲಿ ಅಲ್ಲ, ದಿನಗಳಲ್ಲಿ.

ಊರಿಗೆ ಮರಳಿದ ಮೇಲೆ ನಮ್ಮ ಪಾಲಿಗೆ ಉಳಿದದ್ದು ದೂರವಾಣಿಯ ತೆರೆ. ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕದ ಕೂಸುಗಳು, ಎದುರಿಗೆ ಕೂತು ಆಡಿಸಿದವರಿಂದ ಹನ್ನೆರಡು ಸಲದಲ್ಲಿ ಚೀನೀ ಭಾಷೆಯ ಧ್ವನಿಭೇದವನ್ನು ಹಿಡಿದುವು. ಅದೇ ಪಾಠವನ್ನು ಚಿತ್ರಮುದ್ರಿಕೆಯಲ್ಲಿ ನೋಡಿದವು ಏನನ್ನೂ ಕಲಿಯಲಿಲ್ಲ. ಕನ್ನಡದ ಶಿಶುಗೀತೆಗಳ ಚಿತ್ರಗಳನ್ನು ಹಚ್ಚಿಟ್ಟು ನಿಶ್ಚಿಂತರಾಗುವ ತಾಯಿ ತಂದೆಯರು ಇದನ್ನು ಗಮನಿಸಬೇಕು. ಆದರೆ ಎರಡು ಎರಡೂವರೆ ವರ್ಷದ ಮಕ್ಕಳು ತೆರೆಯ ಮೇಲಾದರೂ ತಮಗೇ ಮರುಮಾತು ಕೊಡುವವರಿಂದ ಕ್ರಿಯಾಪದಗಳನ್ನು ಕಲಿತರೆಂದು 2014ರ ಇನ್ನೊಂದು ಅಧ್ಯಯನ ತೋರಿಸಿತು. ಅಜ್ಜ ಅಜ್ಜಿಯರಿಗೆ ಇದು ಸಣ್ಣ ಸಮಾಧಾನವಲ್ಲ. ಭಾನುವಾರ ಅವರಿಗೆ ಸಂಜೆ ನಾಲ್ಕು, ನಮಗೆ ರಾತ್ರಿ. ಬಸ್ಸಿನ ಮಹಡಿಯಿಂದಲೇ ಕರೆ ಬರುತ್ತದೆ. ಅಂದು ಕಂಡದ್ದನ್ನು ಮಗು ಹೇಳಬೇಕು, ನಾವು ಕೇಳಬೇಕು.

ಎರಡು ವರ್ಷ ಮೂರು ತಿಂಗಳಿಗೆ ಆರೋಗ್ಯ ಸಂದರ್ಶಕಿ ಬಂದಾಗ ಮಗಳು ಎರಡೂ ಭಾಷೆಗಳ ಪಟ್ಟಿಯನ್ನು ಮುಂದಿಟ್ಟಳು. ಆಕೆ ಎರಡನ್ನೂ ಕೂಡಿಸಿ ಎಣಿಸಿ, ಚಿಂತೆಗೆ ಕಾರಣವಿಲ್ಲವೆಂದು ಕೆಂಪು ಪುಸ್ತಕದಲ್ಲಿ ಬರೆದುಹೋದಳು. ‘ನಾನು ಬೇಕು’ ಮಾತ್ರ ಪೂರ್ತಿ ಹೋಗಲಿಲ್ಲ. ಮೂರು ತುಂಬಿದ ಮೇಲೂ ಬಾಯಾರಿದಾಗ, ಅವಸರದಲ್ಲಿ, ಅದೇ ಬರುತ್ತಿತ್ತು. ತಾಯಿ ತಿದ್ದಲು ಹೋಗುವುದಿಲ್ಲ. ‘ನಿಂಗೆ ನೀರು ಬೇಕಾ, ಪುಟ್ಟಿ?’ ಎಂದು ಕೇಳಿ ಲೋಟ ಕೊಡುತ್ತಾಳೆ.